ಇಲ್ಲ್, ಇಲ್ಲ, ಇಜ್ಜಿ

ಬೆಳ್ತಂಗಡಿ ಕಡೆಯ ಒಂದು ಹಳೆಯ ಕಚೇರಿಯ ರೆಕಾರ್ಡ್ ರೂಮಿನಲ್ಲಿ ‘ಉಂಟು’ ಎಂಬ ಮಾತಿಗೆ ಮೂರು ಅರ್ಥ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಬರೆದರೆ ಮುಂದಿನ ಸಲ ನನ್ನನ್ನು ಮೆಟ್ಟಿಲಲ್ಲೇ ತಡೆಯುತ್ತಾರೆ. ಅಲ್ಲಿನ ಕಡತಗಳನ್ನು ನೋಡಿಕೊಳ್ಳುವವರು ಫರಂಗಿಪೇಟೆಯಿಂದ ದಿನಾ ಎರಡು ಬಸ್ಸು ಬದಲಿಸಿ ಬರುವ ಬ್ಯಾರಿ ಮುಸ್ಲಿಮರೊಬ್ಬರು, ನಿವೃತ್ತಿಗೆ ಹತ್ತಿರವಾದವರು; ಎಲ್ಲರಿಗೂ ಅವರು ‘ಬ್ಯಾರಿಗಳು’. ಅವರು ‘ಉಂಟು’ ಎಂದು ಗಿಡ್ಡಕ್ಕೆ ಕತ್ತರಿಸಿ ಹೇಳಿದರೆ ಕಡತ ಕಪಾಟಿನಲ್ಲಿದೆ. ‘ಉಂಟೂ’ ಎಂದು ಎಳೆದರೆ ಪಟ್ಟಿಯಲ್ಲಿದೆ, ಕಪಾಟಿನ ಸಂಗತಿ ಗೊತ್ತಿಲ್ಲ. ‘ಉಂಟು ಉಂಟು’ ಎಂದು ಎರಡು ಸಲ ಹೇಳಿದರೆ ಚೀಲ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿಯಬಹುದು.

ಸಂಶೋಧನಾ ವಿಧಾನ ಎಂಬ ವಿಷಯದಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಆ ಪಾಠದಲ್ಲಿ ಇದು ಇರಲಿಲ್ಲ. ಇದನ್ನು ನಾನು ಕಿವಿಯಿಂದ ಕಂಡುಹಿಡಿದದ್ದು. ನನ್ನ ಬಂಡವಾಳ ಎಂದರೆ ಅದೊಂದೇ, ಕಿವಿ ಮತ್ತು ಗಂಟಲು. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ಬಸ್ಸಿನ ನಾಲ್ಕು ಕಂಡಕ್ಟರುಗಳು ‘ರೈಟ್ ಪೋಯಿ’ ಎನ್ನುವುದನ್ನು ನಾಲ್ಕು ತರದಲ್ಲಿ ಹೇಳಬಲ್ಲೆ. ಒಮ್ಮೆ ಹಿಂದಿನ ಸೀಟಿನಿಂದ ಹೇಳಿಯೂಬಿಟ್ಟೆ. ಬಸ್ಸು ಹೊರಟಿತು, ಕಂಡಕ್ಟರು ಕೆಳಗೆ ಉಳಿದರು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ನನ್ನ ಪಿಎಚ್.ಡಿ. ಮಾರ್ಗದರ್ಶಕರ ಹಾಗೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದೆ. ಅವರು ಮೊದಲ ಸಾಲಿನಲ್ಲಿ ಕೂತಿದ್ದರು. ನನ್ನ ಪ್ರಬಂಧ ಆರನೆಯ ವರ್ಷಕ್ಕೆ ಕಾಲಿಟ್ಟದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ ಎಂದು ಅವರೇ ಹೇಳುತ್ತಾರೆ. ಹೇಳುವಾಗ ನನ್ನ ಮುಖ ಮಾತ್ರ ನೋಡುವುದಿಲ್ಲ.

ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ನಾನು ಇತಿಹಾಸದ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಯಾವಾಗ ಹೋಗುತ್ತೀರಿ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟೇ. ಮನೆ ಬಂಟ್ವಾಳ ಪೇಟೆಯ ಹಿಂದೆ. ಮನೆಯಲ್ಲಿ ಅಮ್ಮ, ಮತ್ತು ಅಮ್ಮನ ಅಮ್ಮ, ಅಂದರೆ ಅಜ್ಜಿ. ಎಪ್ಪತ್ತು ದಾಟಿದರೂ ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತು, ಮಡಿಲಲ್ಲಿ ಮೊರದಂಥ ಗೆರಸಿ ಇಟ್ಟುಕೊಂಡು ಬೀಡಿ ಕಟ್ಟುತ್ತಾಳೆ. ನಾನು ಆ ರೆಕಾರ್ಡ್ ರೂಮಿಗೆ ಹೋದದ್ದು ಪ್ರಬಂಧಕ್ಕಾಗಿ ಎಂದು ಅರ್ಜಿಯಲ್ಲಿ ಬರೆದಿದ್ದೆ. ನಿಜವಾಗಿ ಹೋದದ್ದು ಅಜ್ಜಿಗಾಗಿ.

ಕತೆ ಹೀಗೆ. ಅಜ್ಜಿಯ ಅಮ್ಮನನ್ನು ನಾವು ಪಿಜ್ಜಿ ಎನ್ನುತ್ತೇವೆ. ಪಿಜ್ಜಿ ಕಕ್ಕಿಂಜೆಯ ಆಚೆ, ಧಣಿಗಳ ಗುಡ್ಡೆಯ ಬದಿಯಲ್ಲಿ, ಮುಳಿಹುಲ್ಲು ಹೊದೆಸಿದ ಒಂದು ಮನೆಯಲ್ಲಿ ಇದ್ದಳು. ಒಕ್ಕಲುಗಳು ತಾವು ಕೂತ ಜಾಗಕ್ಕೆ ಅರ್ಜಿ ಹಾಕಬಹುದು ಎಂಬ ಕಾನೂನು ಬಂತು. ಅದಕ್ಕೆ ನಮ್ಮ ಕಡೆ ಈಗಲೂ ‘ಡಿಕ್ಲರೇಶನ್’ ಎಂದೇ ಹೆಸರು. ಪಿಜ್ಜಿಯೂ ಹಾಕಿದಳು. ವಿಚಾರಣೆಯ ದಿನ ಗುಮಾಸ್ತ ಕೇಳಿದ, “ಈ ಜಾಗದಲ್ಲಿ ನಿನಗೆ ಏನು ಇದೆ?” ಪಿಜ್ಜಿ ತುಳುವಿನಲ್ಲಿ ಹೇಳಿದಳು, “ಇಲ್ಲ್.” ತುಳುವಿನಲ್ಲಿ ಇಲ್ಲ್ ಎಂದರೆ ಮನೆ. ಗುಮಾಸ್ತ ಘಟ್ಟದ ಮೇಲಿನವನು, ತುಳು ತಿಳಿಯದವನು. ಕನ್ನಡದಲ್ಲಿ ಬರೆದುಕೊಂಡ: ‘ಇಲ್ಲ’. ಅರ್ಜಿ ವಜಾ ಆಯಿತು.

ಒಂದು ಮನೆ ಹೋದದ್ದು ಅರ್ಧ ಸ್ವರದಲ್ಲಿ. ‘ಇಲ್ಲ್’ ಎನ್ನುವಾಗ ಕೊನೆಗೆ ತುಟಿ ಅಗಲಿಸಿ ಬಿಟ್ಟುಬಿಡುವ ಒಂದು ಸಣ್ಣ ಸ್ವರ ಉಂಟು. ಅದನ್ನು ಹಿಡಿದಿಡಲು ಕನ್ನಡದ ಅಕ್ಷರಮಾಲೆಯಲ್ಲಿ ಅಕ್ಷರ ಇಲ್ಲ. ನಾನು ಈ ಕತೆಯನ್ನು ಇತಿಹಾಸ ಓದುವುದಕ್ಕೆ ಮೊದಲೇ ಕಲಿತೆ. ಏಳನೆಯ ತರಗತಿಯಲ್ಲಿರುವಾಗಲೇ ಆ ಗುಮಾಸ್ತನ ಸ್ವರ ನನ್ನಲ್ಲಿ ತಯಾರಾಗಿತ್ತು. ಸೊಂಟಕ್ಕೆ ಕೈ ಕೊಟ್ಟು, ಮೂಗಿನಿಂದ, “ಏನಮ್ಮೋ, ಏನೈತೆ ನಿಂದು ಇಲ್ಲಿ?” ಎನ್ನುತ್ತಿದ್ದೆ. ಮದುವೆ, ಗೃಹಪ್ರವೇಶ, ಎಲ್ಲ ಕಡೆಯೂ ನೆಂಟರು ಅದನ್ನೇ ಮಾಡಿಸುತ್ತಿದ್ದರು. ಗೃಹಪ್ರವೇಶಕ್ಕೆ ಮನೆ ಕಳೆದುಕೊಂಡ ಕತೆ ಮಾಡಿ ತೋರಿಸುವಷ್ಟು ಬುದ್ಧಿ ನಮ್ಮ ನೆಂಟರಿಗೂ ಇತ್ತು, ನನಗೂ ಇತ್ತು. ಅಜ್ಜಿ ಕಣ್ಣು ಒರೆಸಿಕೊಂಡು ನಗುತ್ತಿದ್ದಳು. “ಹೌದು, ಹೀಗೆಯೇ ಕೇಳಿದನಂತೆ ಅವನು.”

ನಗದವರು ಒಬ್ಬರೇ, ಅಜ್ಜಿಯ ಅಣ್ಣ. ಮೂಡುಬಿದಿರೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು, ನನಗೆ ಅವರೂ ಅಜ್ಜನೇ. ಮನೆ ಹೋಗುವಾಗ ಪಿಜ್ಜಿಯ ಜೊತೆ ಅದರಲ್ಲಿ ಇದ್ದವರು ಅವರು. ಅಜ್ಜಿಗೆ ಅಷ್ಟರಲ್ಲಿ ಬಂಟ್ವಾಳಕ್ಕೆ ಮದುವೆಯಾಗಿತ್ತು. ವಿಚಾರಣೆಯ ದಿನ ಇಬ್ಬರೂ ಅಲ್ಲಿರಲಿಲ್ಲ. ಆದರೆ ಊರಿನವರು ಅಜ್ಜನಿಗೆ ಹೇಳಿದ್ದು ಬೇರೆ: ಪಿಜ್ಜಿ ‘ಇಲ್ಲ್’ ಎನ್ನಲೇ ಇಲ್ಲ, ‘ಇಜ್ಜಿ’ ಎಂದಳು. ಇಜ್ಜಿ ಎಂದರೆ ತುಳುವಿನ ‘ಇಲ್ಲ’. ಧಣಿಗಳ ಎದುರು ನಿಂತು, ನನಗೆ ಇಲ್ಲಿ ಏನೂ ಇಲ್ಲ ಎಂದು ತಾನೇ ಬಾಯಾರೆ ಹೇಳಿ, ತನ್ನ ಮನೆಯನ್ನೂ ಮಗನ ತಲೆಯ ಮೇಲಿನ ಮಾಡನ್ನೂ ಬಿಟ್ಟುಕೊಟ್ಟು ಬಂದಳು. ಆಮೇಲೆ ಪಿಜ್ಜಿ ಮಗಳ ಮನೆಗೆ ಬಂದಳು. ಸಾಯುವ ತನಕ ಗುಮಾಸ್ತನ ಕತೆಯನ್ನೇ ಹೇಳಿದಳು. ಮಗ ಒಮ್ಮೆಯೂ ಬಂದು ನೋಡಲಿಲ್ಲ. ಸತ್ತಾಗ ಬಂದರು, ಅಂಗಳದಲ್ಲಿ ನಿಂತರು, ಹೋದರು. ಅಣ್ಣ ತಂಗಿಯ ನಡುವೆ ಅಂದಿನಿಂದ ಮಾತಿಲ್ಲ.

ನಾನು ಮೂಡುಬಿದಿರೆಗೆ ಕೆಲಸಕ್ಕೆ ಸೇರಿದ ಮೇಲೆ ಅಜ್ಜನನ್ನು ಬಸ್‌ಸ್ಟ್ಯಾಂಡಿನಲ್ಲಿ ಆಗಾಗ ಕಾಣತೊಡಗಿದೆ. ಸಂಜೆ ಅಲ್ಲಿನ ಕಟ್ಟೆಯಲ್ಲಿ ಕೂತು ಬಸ್ಸುಗಳ ಸಮಯವನ್ನು ತಮ್ಮ ವಾಚಿಗೆ ಹೋಲಿಸಿ ನೋಡುವುದು ಅವರ ಕೆಲಸ. ಕಿವಿ ಮಂದ. ಹಿಯರಿಂಗ್ ಮೆಷಿನ್ ಉಂಟು, ಅಂಗಿಯ ಜೇಬಿನಲ್ಲಿ. ಒಂದು ದಿನ ಹತ್ತಿರ ಕೂತು ವಿಷಯ ತೆಗೆದೆ.

“ನೀನು ಆ ಬಂಟ್ವಾಳದ ಬಾಯಿಬಡಕ ಅಲ್ವಾ?” ಎಂದರು. “ನನ್ನ ಹಾಗೆಯೂ ಮಾತಾಡ್ತೀಯಂತೆ.”

“ಇಲ್ಲ ಅಜ್ಜ, ಅದೆಲ್ಲ ಜನ ಹೇಳುವುದು.”

“ಮಾಡು, ನೋಡುವ.”

ಮಾಡಿದೆ. ಅವರಿಗೆ ಕೇಳಿಸಲಿಲ್ಲ. ಜೋರಾಗಿ ಮಾಡಿದೆ. ಪಕ್ಕದ ಕಟ್ಟೆಯ ಹೆಂಗಸರು ನಕ್ಕರು. ಅಜ್ಜ ಅವರ ಕಡೆ ನೋಡಿ, ನನ್ನ ಕಡೆ ನೋಡಿ, ವಾಚು ನೋಡಿ ಹೇಳಿದರು, “ಕಾಗದ ಇದ್ದರೆ ತಾ. ಬರೆದದ್ದು ಉಂಟಲ್ಲ ಸರಕಾರದ ಹತ್ತಿರ? ಆ ಗುಮಾಸ್ತ ಘಟ್ಟದವ, ತುಳು ಬಾರದವ ಅಂತ ತೋರಿಸಿ ಕೊಡು. ಅಷ್ಟು ಸಾಕು. ನಾನೇ ಬಂಟ್ವಾಳಕ್ಕೆ ಬರ್ತೇನೆ. ಅವಳ ಕೈಯ ಊಟ ಮಾಡಿ ಬರ್ತೇನೆ.”

ಇದನ್ನು ಮನೆಗೆ ಬಂದು ಅಜ್ಜಿಗೆ, ಅಜ್ಜನ ಸ್ವರದಲ್ಲಿಯೇ, ಹೇಳಿದೆ. ಅವಳ ಕೈಯಲ್ಲಿದ್ದ ಬೀಡಿ ಅರ್ಧ ಸುತ್ತಿದಲ್ಲಿಗೆ ನಿಂತಿತು.

“ಊಟ ಮಾಡ್ತೇನೆ ಅಂತ ಹೇಳಿದನಾ?”

“ಹೇಳಿದರು.”

“ಬಸಳೆ ಅಂದರೆ ಅವನಿಗೆ ಆಗ್ತದೆ,” ಎಂದಳು. ಆ ಬೀಡಿಯನ್ನು ಬಿಚ್ಚಿ ಮತ್ತೆ ಕಟ್ಟಿದಳು. “ನೀನು ಇತಿಹಾಸ ಇತಿಹಾಸ ಅಂತ ಊರಿಡೀ ತಿರುಗುತ್ತೀ. ಒಂದು ಕಾಗದ ತರ್ಲಿಕ್ಕೆ ಆಗುದಿಲ್ವಾ ನಿನಗೆ?”

ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ಅಂದರೆ ಆ ಗುಮಾಸ್ತನ ಕೆಲಸವನ್ನೇ ನಾನೂ ಮಾಡುತ್ತಿದ್ದೇನೆ. ನನ್ನನ್ನು ಎಷ್ಟು ನಂಬಬಹುದು ಎಂದು ಓದುವವರು ನೋಡಿಕೊಳ್ಳಬೇಕು.

ಎರಡನೆಯ ಮತ್ತು ನಾಲ್ಕನೆಯ ಶನಿವಾರ ಸರಕಾರಕ್ಕೆ ರಜೆ. ಉಳಿದ ಶನಿವಾರ ನನಗೆ ಮಧ್ಯಾಹ್ನದ ಮೇಲೆ ಪಾಠ ಇರುತ್ತಿರಲಿಲ್ಲ. ಮೂಡುಬಿದಿರೆಯಿಂದ ವೇಣೂರು ದಾರಿಯಾಗಿ ಬೆಳ್ತಂಗಡಿಗೆ ಮುಟ್ಟುವಾಗ ಊಟದ ಹೊತ್ತು. ಊಟ ಮುಗಿಸಿ ಬ್ಯಾರಿಗಳು ಬೀಗ ತೆಗೆಯುವಾಗ ಮೂರು ಗಂಟೆ. ನಾಲ್ಕೂವರೆಗೆ “ಮಾಸ್ಟ್ರೆ, ಸಾಕು” ಎನ್ನುತ್ತಿದ್ದರು. ತಿಂಗಳಿಗೆ ಎರಡು ಸಲ, ಒಂದೂವರೆ ಗಂಟೆ. ಹೀಗೆ ಎರಡು ವರ್ಷ. ಜಗತ್ತಿನ ದೊಡ್ಡ ಸಂಶೋಧಕರು ಹೀಗೆಯೇ ಮಾಡುತ್ತಾರೆ ಎಂದು ಅಂದುಕೊಳ್ಳುತ್ತಿದ್ದೆ. ಅವರ ಮೇಲೆ ಹಲ್ಲಿ ಬೀಳುತ್ತದೋ ಇಲ್ಲವೋ ತಿಳಿಯದು.

ಆ ಕೋಣೆಯಲ್ಲಿ ಕಡತಗಳನ್ನು ಊರಿನ ಪ್ರಕಾರ ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟಿದ್ದರು. ಆ ಗಂಟಿಗೆ ರುಮಾಲು ಎಂದು ಹೆಸರು. ಒಂದು ಕಾಲದಲ್ಲಿ ಕೆಂಪಾಗಿದ್ದ ಬಟ್ಟೆ. ಬಿಚ್ಚಿದರೆ ಮೊದಲು ಧೂಳು, ಆಮೇಲೆ ಬೆಳ್ಳಿಹುಳು, ಆಮೇಲೆ ಬೇರೆ ಯಾವುದೋ ಊರಿನ ಕಡತ. ಯಾಕೆಂದರೆ ಹಿಂದೆ ಯಾವಾಗಲೋ ಮಾಡು ಸೋರಿದಾಗ ಎಲ್ಲವನ್ನೂ ಒಮ್ಮೆ ಹೊರಗೆ ಒಣಗಿಸಿ, ಕೈಗೆ ಸಿಕ್ಕಿದ ರುಮಾಲಿನಲ್ಲಿ ಕೈಗೆ ಸಿಕ್ಕಿದ ಊರನ್ನು ಕಟ್ಟಿ ಇಟ್ಟಿದ್ದರು. ಮೇಲಿನ ಚೀಟಿಯಲ್ಲಿ ಊರಿನ ಹೆಸರು ಮಾತ್ರ ಹಳೆಯದೇ.

“ಇದು ಯಾರು ಹೀಗೆ ಕಟ್ಟಿದ್ದು?” ಎಂದು ಕೇಳಿದೆ.

“ನಾನೇ,” ಎಂದರು ಅವರು. “ಸೇರಿದ ಮೊದಲನೇ ವರ್ಷ. ಕಟ್ಟು ಅಂದರು, ಕಟ್ಟಿದೆ. ಓದಿ ಕಟ್ಟು ಅಂತ ಯಾರು ಹೇಳಿದ್ದು ನನಗೆ?”

ನಾನು ಅವರ ಹಾಗೆ “ಉಂಟೂ” ಎಂದು ಎಳೆದು ತೋರಿಸಿದ ದಿನದಿಂದ ನಮ್ಮ ನಡುವೆ ಸಲಿಗೆ ಬೆಳೆದಿತ್ತು. ಮೊದಲು ಸಿಟ್ಟು ಬಂದಿತ್ತು ಅವರಿಗೆ. ಆಮೇಲೆ, “ನನ್ನ ಹೆಂಡತಿಗೆ ಫೋನ್ ಮಾಡಿ ಹೀಗೇ ಒಂದು ಸಲ ಹೇಳಿ ಮಾರಾಯ್ರೆ, ನಾನು ಆಫೀಸಿನಲ್ಲೇ ಇದ್ದೇನೆ ಅಂತ,” ಎಂದರು. ಹೇಳಿದೆ. ಆಕೆ, “ಜಲದೋಷವಾ?” ಎಂದು ಕೇಳಿದರು. ಆ ಮಟ್ಟಿಗೆ ನಾನು ಪಾಸು.

ಆದರೆ ಕಾಗದ ಸಿಗಲಿಲ್ಲ. ಒಂದು ಮಳೆಗಾಲ ಹೋಯಿತು. ಕಕ್ಕಿಂಜೆ ಕಡೆಯ ಊರುಗಳ ಚೀಟಿ ಇದ್ದ ಎಲ್ಲ ರುಮಾಲು ನೋಡಿದೆ. ಆಮೇಲೆ ಚೀಟಿ ನೋಡುವುದನ್ನೇ ಬಿಟ್ಟೆ. ಒಂದು ತುದಿಯಿಂದ ಬಿಚ್ಚುತ್ತಾ ಬಂದೆ. ಇನ್ನೊಂದು ಮಳೆಗಾಲ ಬಂತು. ಅಲ್ಲಿಗೆ ಹೋದ ಪ್ರತಿ ಶನಿವಾರ ಮನೆಗೆ ಬರುವಾಗ ಅಜ್ಜಿ ಜಗಲಿಯಿಂದಲೇ ಕೇಳುವಳು, “ಉಂಟಾ?” ನಾನು ಬ್ಯಾರಿಗಳ ಸ್ವರದಲ್ಲಿ, “ಉಂಟೂ,” ಎನ್ನುವೆ. ಅವಳಿಗೂ ಆ ಎಳೆತದ ಅರ್ಥ ಗೊತ್ತಾಗಿಬಿಟ್ಟಿತ್ತು. “ಬರುವ ವಾರ ಸಿಗಬಹುದು,” ಎನ್ನುವಳು. ಬರುವ ವಾರ ರಜೆಯ ಶನಿವಾರ ಎಂದು ನಾನು ನೆನಪಿಸುತ್ತಿರಲಿಲ್ಲ.

ಒಂದು ದಿನ ಸಿಕ್ಕಿತು.

ಬೇರೆ ದಿಕ್ಕಿನ ಯಾವುದೋ ಊರಿನ ರುಮಾಲಿನ ಮಧ್ಯದಲ್ಲಿ, ತುಕ್ಕು ಹಿಡಿದ ಗುಂಡುಸೂಜಿಗೆ ಅಂಟಿಕೊಂಡು, ಕಕ್ಕಿಂಜೆ ಕಡೆಯ ಒಂದಿಷ್ಟು ಹೇಳಿಕೆಗಳು. ಎಲ್ಲ ಒಂದೇ ದಿನದ್ದು, ಒಂದೇ ಕೈಬರಹ, ನೀಲಿ ಶಾಯಿ. ಪಿಜ್ಜಿಯ ಹೆಸರು ಓದಿದಾಗ ಏನನ್ನಿಸಿತು ಎಂದು ಈಗ ಚಂದ ಮಾಡಿ ಬರೆಯಬಹುದು. ನಿಜ ಏನೆಂದರೆ ಸೀನು ಬಂತು. ಕಾಗದ ಹಾರಬಾರದೆಂದು ಮುಖ ತಿರುಗಿಸಿ, ಬಾಯಿಗೆ ತೋಳು ಒತ್ತಿ, ಐದಾರು ಸಲ ಸೀನಿದೆ.

ಇಡೀ ಹೇಳಿಕೆ ಅರ್ಧ ಪುಟ. ‘ಸದರಿ ಸ್ಥಳದಲ್ಲಿ ನಿಮಗೆ ಏನು ಇದೆ?’ ಎಂದು ಪ್ರಶ್ನೆ. ಅದರ ಕೆಳಗೆ ಉತ್ತರ, ಒಂದೇ ಶಬ್ದ: ‘ಇಲ್ಲ.’ ಅದರ ಕೆಳಗೆ, ಹೇಳಿಕೆಯನ್ನು ಓದಿ ಹೇಳಲಾಗಿ ಸರಿ ಇದೆ ಎಂದು ಒಪ್ಪಿ ಎಡಗೈ ಹೆಬ್ಬೆಟ್ಟು ಒತ್ತಿರುತ್ತಾರೆ ಎಂಬ ಸಾಲು. ಪಕ್ಕದಲ್ಲಿ ಹೆಬ್ಬೆಟ್ಟು. ನನ್ನ ಪಿಜ್ಜಿಯ ಬೆರಳು ಇಷ್ಟು ಸಣ್ಣದೇ ಎನ್ನಿಸಿತು.

ನಾನು ಎದ್ದು ನಿಂತು ಬ್ಯಾರಿಗಳಿಗೆ ಕೂಗಿದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಎರಡು ವರ್ಷದಲ್ಲಿ ಅವರಿಗೂ ಕತೆ ಬಾಯಿಪಾಠ ಆಗಿತ್ತು.

“ಓದಿ ಹೇಳಿದ್ದಾರೆ ಅಂತ ಉಂಟಲ್ಲ ಮಾಸ್ಟ್ರೆ. ತಪ್ಪಿದ್ದರೆ ಆಗಲೇ ಹೇಳ್ತಿದ್ದರು ಅಲ್ವಾ ಅವರು?”

ನನ್ನ ಮುಖ ಇಳಿದದ್ದು ಕಂಡಿರಬೇಕು. ಅವರೇ ಯೋಚಿಸಿದರು. ಆಮೇಲೆ ಒಂದು ರುಮಾಲಿನ ಬಟ್ಟೆಯನ್ನು ಕೊಡವಿ ತಲೆಯ ಮೇಲೆ ಹೊದ್ದುಕೊಂಡರು. “ನೋಡುವ, ಮಾಡಿ ನೋಡುವ. ನಾನು ನಿಮ್ಮ ಪಿಜ್ಜಿ. ನೀವು ಗುಮಾಸ್ತ. ಕೇಳಿ.”

ನನ್ನ ಹಳೆಯ ಗುಮಾಸ್ತ ತಯಾರಾಗಿಯೇ ಇದ್ದ. ಸೊಂಟಕ್ಕೆ ಕೈ ಕೊಟ್ಟೆ. “ಏನಮ್ಮೋ, ಏನೈತೆ ನಿಂದು ಇಲ್ಲಿ?”

“ಇಲ್ಲ್,” ಎಂದರು ಅವರು, ತುಟಿ ಅಗಲಿಸಿ.

ನಾನು ಬರೆದೆ: ಇಲ್ಲ.

“ಈಗ ಓದಿ ಹೇಳಿ.”

ಕಾಗದ ನೋಡಿ ಓದಿದೆ, “ಇಲ್ಲ.”

“ಅಂದ್, ಅಂದ್,” ಎಂದು ತಲೆಯಾಡಿಸಿದರು. ಹೌದು ಹೌದು ಎಂದು ತುಳುವಿನಲ್ಲಿ. ಹೆಬ್ಬೆರಳು ಮುಂದೆ ಚಾಚಿದರು. ಚಾಚಿದ ಹೆಬ್ಬೆರಳನ್ನು ನಾವಿಬ್ಬರೂ ನೋಡುತ್ತಾ ನಿಂತೆವು. ಅದೇ ತಪ್ಪು ಎರಡು ಸಲ ಆದಾಗ ಸರಿಯಾಗಿಬಿಡುತ್ತದೆ. ಅವನು ಓದಿದ್ದು ಅವನ ಮಾತು, ಅವಳು ಕೇಳಿದ್ದು ಅವಳ ಮಾತು, ಇಬ್ಬರೂ ಒಪ್ಪಿದ್ದಾರೆ.

“ಆಗಬಹುದು ಮಾರಾಯ್ರೆ!” ಎಂದರು ಬ್ಯಾರಿಗಳು, ತಲೆಯ ಬಟ್ಟೆ ತೆಗೆಯದೆಯೇ. “ಖಂಡಿತ ಆಗಬಹುದು!”

ಇನ್ನೂ ಒಂದು ಸಾಕ್ಷಿ ನನಗೆ ಹೊಳೆಯಿತು. ಏನು ಇದೆ ಎಂದು ಕೇಳಿದರೆ ಯಾರಾದರೂ ಬರೇ ‘ಇಲ್ಲ’ ಎನ್ನುತ್ತಾರಾ? ‘ಏನೂ ಇಲ್ಲ’ ಎನ್ನಬೇಕಲ್ಲ? ಆ ಸಂಜೆ ನನಗೆ ಬಂದಷ್ಟು ಖುಷಿ ಪಿಎಚ್.ಡಿ. ಸಿಕ್ಕಿದರೂ ಬರಲಾರದು, ಅದು ಹೇಗೂ ಸಿಗುವುದಿಲ್ಲ, ಹೋಲಿಸಿ ನೋಡುವ ಭಯವಿಲ್ಲ. ಬಸಳೆ, ಅಜ್ಜ, ಬಂಟ್ವಾಳದ ಬಸ್ಸು, ಎಲ್ಲವೂ ಕಣ್ಣ ಮುಂದೆ ಬಂದವು. ಗಂಟೆ ನಾಲ್ಕೂಕಾಲು. ರುಮಾಲು ಕಟ್ಟಿ ಹೊರಡಬಹುದಿತ್ತು.

ಆದರೆ ಒಂದೇ ಕೈಬರಹದ ಬೇರೆ ಹೇಳಿಕೆಗಳು ಇವೆಯಲ್ಲ, ಅವನು ತುಳು ಬಾರದವನೆಂದು ಅವೂ ತೋರಿಸಿಕೊಟ್ಟರೆ ಅಜ್ಜನ ಬಾಯಿ ಪೂರ್ತಿ ಮುಚ್ಚಿಸಬಹುದು ಎನ್ನಿಸಿತು. ಒಂದು ಕಾಗದವನ್ನು ನಂಬಬೇಡ, ಅಕ್ಕಪಕ್ಕದ್ದನ್ನೂ ಓದು ಎಂದು ಮಾರ್ಗದರ್ಶಕರು ಯಾವಾಗಲೂ ಹೇಳುತ್ತಾರೆ. ನಾನು ಅವರ ಮಾತನ್ನು ಅವರ ಸ್ವರದಲ್ಲಿ ನೂರು ಸಲ ಹೇಳಿ ನಗಿಸಿದ್ದೇನೆ. ಪಾಲಿಸಿದ್ದು ಅದೊಂದೇ ಸಲ.

ಮುಂದಿನ ಪುಟ ಒಬ್ಬ ಗಂಡಸಿನ ಹೇಳಿಕೆ. ಏನು ಇದೆ? ‘ಇಲ್ಲ. ನಾನು ಬೇರೆಯವರ ಜಗಲಿಯಲ್ಲಿ ವಾಸ ಇರುತ್ತೇನೆ.’ ಅಲ್ಲಿಗೆ ‘ಏನೂ ಇಲ್ಲ ಎನ್ನಬೇಕಲ್ಲ’ ಎಂಬ ನನ್ನ ಜಾಣತನ ಮುಗಿಯಿತು. ‘ಏನೂ’ ಬಿಟ್ಟು ಬರೆಯುವುದು ಆ ಗುಮಾಸ್ತನ ಪದ್ಧತಿ.

ಅದರ ಮುಂದಿನ ಪುಟ ಒಬ್ಬ ಹೆಂಗಸಿನದು, ಪಿಜ್ಜಿಯ ನೆರೆಮನೆಯವಳಿರಬೇಕು, ಅದೇ ಗುಡ್ಡೆ. ಏನು ಇದೆ? ‘ಮುಳಿಹುಲ್ಲಿನ ಒಂದು ಇಲ್ಲ್, ಅಂದರೆ ಮನೆ, ಇರುತ್ತದೆ.’

ಇಲ್ಲ್. ಲ ಅಕ್ಷರಕ್ಕೆ ಲ ಒತ್ತು ಕೊಟ್ಟು, ಅದರ ಮೇಲೆ ಸ್ವರ ಕತ್ತರಿಸುವ ಗುರುತನ್ನು ನಿಧಾನಕ್ಕೆ, ಒತ್ತಿ ಬರೆದಿದ್ದ. ಕನ್ನಡದ ಅಕ್ಷರದಲ್ಲಿ ತುಳುವಿನ ಆ ಅರ್ಧ ಸ್ವರವನ್ನು ಬರೆಯುವುದಾದರೆ ಇದಕ್ಕಿಂತ ಚೆನ್ನಾಗಿ ಬರೆಯಲು ಸಾಧ್ಯವಿಲ್ಲ. ಬರೆದು, ಮೇಲಿನವರಿಗೆ ಗೊಂದಲ ಆಗಬಾರದೆಂದು ‘ಅಂದರೆ ಮನೆ’ ಎಂದೂ ಸೇರಿಸಿದ್ದ. ಇಲ್ಲ್ ಯಾವುದು, ಇಲ್ಲ ಯಾವುದು ಎಂದು ಅವನಿಗೆ ನನ್ನಷ್ಟೇ ಗೊತ್ತಿತ್ತು. ತುಳುವಿನಲ್ಲಿ ಹುಟ್ಟಿ ಬೆಳೆದವನು ಅವನು. ಜಾಗರೂಕ ಮನುಷ್ಯ. ಪಿಜ್ಜಿ ‘ಇಲ್ಲ್’ ಎಂದಿದ್ದರೆ ಅವನು ‘ಇಲ್ಲ್’ ಎಂದೇ ಬರೆಯುತ್ತಿದ್ದ. ಅವಳು ಹೇಳಿದ್ದು ‘ಇಜ್ಜಿ’.

ಇಪ್ಪತ್ತು ವರ್ಷ ನಾನು ಅನುಕರಣೆ ಮಾಡಿದ ಆ ಮೂಗಿನ ಸ್ವರದ ಗುಮಾಸ್ತ ಹುಟ್ಟಿಯೇ ಇರಲಿಲ್ಲ.

ಬ್ಯಾರಿಗಳು ನನ್ನ ಹೆಗಲ ಮೇಲಿಂದ ಓದಿದರು. ತಲೆಯ ಬಟ್ಟೆ ತೆಗೆದು ಮಡಚಿದರು. “ಒಂದು ಹತ್ತು ನಿಮಿಷ ಮೊದಲು ಕಟ್ಟಿ ಹೋಗಿದ್ದರೆ ಆಗ್ತಿತ್ತು ನಿಮಗೆ,” ಎಂದರು.

“ಆಗ್ತಿತ್ತ?”

ಅವರು ಮಡಚಿದ ಬಟ್ಟೆಯನ್ನು ಕಪಾಟಿನ ಮೇಲಿಟ್ಟರು. “ನಾನು ಎಷ್ಟೋ ಜನರನ್ನು ನೋಡಿದ್ದೇನೆ ಇಲ್ಲಿ. ಕಾಗದ ಸಿಗದವರು ನನಗೆ ಬೈದು ಹೋಗ್ತಾರೆ. ಸಿಕ್ಕಿದವರು ಮಾತೇ ಆಡದೆ ಹೋಗ್ತಾರೆ. ನೀವಾದರೂ ಬೈಯಬಹುದಿತ್ತು.”

ಯಾಕೆ ಹೇಳಿದಳು ಪಿಜ್ಜಿ ಹಾಗೆ? ನಿಂತ ನೆಲ, ತಾನೇ ಹೊದೆಸಿದ ಮುಳಿಹುಲ್ಲು, ಎಲ್ಲವನ್ನೂ ಇಟ್ಟುಕೊಂಡು ಇಜ್ಜಿ ಎಂದದ್ದು ಯಾಕೆ? ಹೆದರಿಕೆಯೇ, ಧಣಿಗಳ ಮೇಲಿನ ಮರ್ಯಾದೆಯೇ, ಯಾರಾದರೂ ಏನಾದರೂ ಹೇಳಿಕೊಟ್ಟಿದ್ದರೇ? ಉಳಿದ ಎಲ್ಲ ಪುಟ ಓದಿದೆ. ಅದು ಎಲ್ಲಿಯೂ ಇರಲಿಲ್ಲ. ಕಾಗದದಲ್ಲಿ ‘ಏನು ಇದೆ’ ಎಂದು ಕೇಳುವ ಸ್ಥಳ ಉಂಟು, ‘ಯಾಕೆ’ ಎಂದು ಕೇಳುವ ಸ್ಥಳ ಇಲ್ಲ. ಎರಡು ಪುಟದ ನಕಲಿಗೆ ಅರ್ಜಿ ಬರೆದುಕೊಟ್ಟೆ. ಬಸ್ಸಿನಲ್ಲಿ ಕಂಡಕ್ಟರು, “ಎಂಥ ಮಾಸ್ಟ್ರೆ, ಇವತ್ತು ರೈಟ್ ಹೇಳುದಿಲ್ವಾ?” ಎಂದು ಕೀಟಲೆ ಮಾಡಿದರು.

ನಕಲು ಕೈಗೆ ಬಂದ ದಿನ ನಾನು ಒಂದು ಪುಟ ಮಾತ್ರ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದೆ, ಪಿಜ್ಜಿಯದು. ಎರಡನೆಯದು ಚೀಲದ ತಳದಲ್ಲಿ, ಉತ್ತರಪತ್ರಿಕೆಗಳ ಕೆಳಗೆ. ಅಜ್ಜಿಗೆ ಓದಲು ಬಾರದು. ಮೊದಲು ಆ ಹೆಬ್ಬೆಟ್ಟಿನ ಕಪ್ಪನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು, ತನ್ನ ಹೆಬ್ಬೆರಳನ್ನು ಅದರ ಪಕ್ಕದಲ್ಲಿ ಇಟ್ಟು ನೋಡಿದಳು.

“ಓದು.”

ಪ್ರಶ್ನೆಯನ್ನು ಓದಿದೆ. ಗುಮಾಸ್ತನ ಸ್ವರ ಮಾಡಲಿಲ್ಲ. ಉತ್ತರಕ್ಕೆ ಬರುವಾಗ ತುಟಿ ಅಗಲಿಸಿ ಓದಿದೆ, “ಇಲ್ಲ್.” ಕಾಗದವನ್ನು ನಾನು ತಿದ್ದಿರಲಿಲ್ಲ. ಗಂಟಲಿನಲ್ಲಿ ಸ್ವಲ್ಪ ಮುದುಕಿಯ ನಡುಕವನ್ನೂ ಸೇರಿಸಿದೆ; ಪಿಜ್ಜಿಯ ಸ್ವರ ನನಗೆ ಗೊತ್ತಿಲ್ಲ, ನಾನು ಹುಟ್ಟುವ ಮೊದಲೇ ಹೋದವಳು.

ಅಜ್ಜಿ ಕಾಗದವನ್ನು ಬಿಟ್ಟು ನನ್ನ ಮುಖ ನೋಡಿದಳು. ಆಮೇಲೆ, “ಅದು ನನ್ನ ಸ್ವರ,” ಎಂದಳು. “ನನ್ನನ್ನು ಮಾಡಿ ನನಗೇ ತೋರಿಸ್ತೀಯಾ? ನಿನ್ನ ಸ್ವರದಲ್ಲಿ ಓದು.”

ನನ್ನ ಸ್ವರ ಎಲ್ಲಿಟ್ಟಿದ್ದೇನೆ ಎಂದು ಹುಡುಕಬೇಕಾಯಿತು. ಬ್ಯಾರಿಗಳ ಕಪಾಟಿಗಿಂತ ಕಷ್ಟ. “ಇಲ್ಲ ಅಂತ ಬರೆದಿದೆ,” ಎಂದೆ.

“ಗುಮಾಸ್ತ?”

ಚೀಲದಿಂದ ಎರಡನೆಯ ಪುಟ ತೆಗೆದೆ. ಅದನ್ನೂ ಓದಿದೆ. ಇಲ್ಲ್, ಅಂದರೆ ಮನೆ, ಇರುತ್ತದೆ. ವಿವರಿಸಬೇಕಾಗಿ ಬರಲಿಲ್ಲ. ಜೀವಮಾನವಿಡೀ ಆ ಒಂದು ಅರ್ಧ ಸ್ವರದ ಮೇಲೆ ಕೂತವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

“ಹಾಗಾದರೆ ಅಮ್ಮ ಅಲ್ಲಿ ಸುಳ್ಳು ಹೇಳಿದ್ದಾ,” ಎಂದಳು, “ಇಲ್ಲಿ ಬಂದು ಸಾಯುವ ತನಕ ನನ್ನ ಹತ್ತಿರ ಸುಳ್ಳು ಹೇಳಿದ್ದಾ?”

“ಎರಡೂ, ಅಜ್ಜಿ,” ಎಂದೆ. ಮನೆ ಇದ್ದದ್ದಂತೂ ನಿಜ, ಹಾಗಾಗಿ ಅಲ್ಲಿ ಹೇಳಿದ ‘ಇಜ್ಜಿ’ಯೂ ಸುಳ್ಳೇ ತಾನೇ? ಅದೊಂದು ಲೆಕ್ಕ ಸರಿ ಹೇಳಿದೆನೆಂದು ನನಗೆ ಅನ್ನಿಸಿತು. ಹೇಳಬಾರದಿತ್ತು.

ಅವಳು ಗೆರಸಿ ಎಳೆದುಕೊಂಡು ಎಲೆ ಕತ್ತರಿಸತೊಡಗಿದಳು. ಅಮ್ಮ ಒಳಗಿಂದ ಚಾ ತಂದಿಟ್ಟಳು, ಆರಿತು. ಎಲೆಯಿಂದ ಕಣ್ಣು ಎತ್ತದೆ ಅಜ್ಜಿ ಹೇಳಿದಳು, “ಅವನಿಗೆ ಸಿಗಲಿಲ್ಲ ಅಂತ ಹೇಳು.”

“ಅಜ್ಜಿ, ಇದನ್ನು ತೋರಿಸಿದರೆ ಅವರು ಬಂದರೂ ಬರಬಹುದು. ಅವರು ಹೇಳಿದ್ದೇ ಸರಿ ಆಯಿತಲ್ಲ. ನೀವು ಒಂದು ಮಾತು ಹೌದು ಅಂದರೆ...”

“ಬಂದು? ನನ್ನ ಜಗಲಿಯಲ್ಲಿ ಕೂತು, ಅಮ್ಮನನ್ನು ಬೈದುಕೊಂಡು ಬಸಳೆ ತಿನ್ನುದಾ?” ಕತ್ತರಿ ನಿಲ್ಲಲಿಲ್ಲ. “ಸಿಗಲಿಲ್ಲ ಅಂತ ಹೇಳು ಮಗಾ. ಸಿಗದಿದ್ದರೆ ಅವನ ಅಮ್ಮ ಅವನಿಗೆ, ನನ್ನ ಅಮ್ಮ ನನಗೆ.”

ನಕಲುಗಳನ್ನು ಕೇಳಿ ತೆಗೆದುಕೊಂಡಳು. ಎಲ್ಲಿಟ್ಟಳೋ ಗೊತ್ತಿಲ್ಲ. ನಮ್ಮ ಮನೆಯಲ್ಲೂ ಒಂದು ರೆಕಾರ್ಡ್ ರೂಮ್ ಆಯಿತು. ಕೇಳಿದರೆ ಅವಳೂ “ಉಂಟು ಉಂಟು” ಎಂದು ಎರಡು ಸಲ ಹೇಳುತ್ತಾಳೆ. ಮದುವೆ ಮನೆಗಳಲ್ಲಿ ಈಗಲೂ ಗುಮಾಸ್ತನನ್ನು ಮಾಡು ಎನ್ನುತ್ತಾರೆ. ಗಂಟಲು ಕೆಟ್ಟಿದೆ ಎನ್ನುತ್ತೇನೆ.

ಮುಂದಿನ ವಾರ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಅಜ್ಜ ಇದ್ದರು. ಬೇರೆ ದಾರಿಯಲ್ಲಿ ಹೋಗಬಹುದಿತ್ತು, ನೋಡಿಬಿಟ್ಟರು. ಹತ್ತಿರ ಹೋದೆ. ಅವರು ಆ ದಿನ ಅಂಗಿಗೆ ಇಸ್ತ್ರಿ ಹಾಕಿಸಿದ್ದರು. ಕಟ್ಟೆಯ ಮೇಲೆ ಪಕ್ಕದಲ್ಲಿ ಒಂದು ಬಟ್ಟೆಯ ಚೀಲ. ಎಲ್ಲಿಗಾದರೂ ಹೊರಟಿದ್ದರೋ, ತರಕಾರಿಗೆ ತಂದದ್ದೋ, ನಾನು ಕೇಳಲಿಲ್ಲ.

“ಕಾಗದ ಸಿಕ್ಕಿತಾ?” ಎಂದರು, ತುಳುವಿನಲ್ಲಿ.

“ಇಜ್ಜಿ,” ಎಂದೆ.

ಅವರು ಕಿವಿಯ ಹಿಂದೆ ಕೈ ಇಟ್ಟರು. “ಎಂಥ?”

“ಇಜ್ಜಿ, ಅಜ್ಜ.”

ಬಂಟ್ವಾಳದ ಬಸ್ಸು ಒಳಗೆ ಬಂದು ಹಾರ್ನ್ ಹಾಕುತ್ತಿತ್ತು. ಅವರು ಜೇಬಿನಿಂದ ಆ ಮೆಷಿನ್ ತೆಗೆದು, ಕಿವಿಗೆ ಸಿಕ್ಕಿಸಿಕೊಂಡು, ನನ್ನ ಬಾಯಿಯ ಹತ್ತಿರ ಬಾಗಿದರು. ಮೂರನೆಯ ಸಲ ನಾನು ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಹೇಳಬೇಕಾಯಿತು.